ಕೆಸರುಗದ್ದೆಯ ಕೆಲಸದ ನಂತರ ಟ್ರ್ಯಾಕ್ಟರ್‌ನ ಹಿಂಚಕ್ರದ ಬ್ರೇಕ್ ಮತ್ತು ಪಾರ್ಕಿಂಗ್ ಬ್ರೇಕ್: ತುಕ್ಕು ಹಿಡಿದ ಭಾಗಗಳ ದುರಸ್ತಿ

ಭತ್ತದ ನಾಟಿಗಾಗಿ ದಿನಗಟ್ಟಲೆ ಕೆಸರಿನಲ್ಲಿ ದುಡಿದ ಟ್ರ್ಯಾಕ್ಟರ್‌ನ ಬ್ರೇಕ್ ದೋಷವು ಗದ್ದೆಯಲ್ಲಿ ಕಂಡುಬರುವುದಿಲ್ಲ. ಅಲ್ಲಿ ವೇಗ ಕಡಿಮೆ. ಬದುವಿನ ಬಳಿ ತಿರುಗಿಸಲು ಎಡ ಅಥವಾ ಬಲ ಪೆಡಲನ್ನು ಮಾತ್ರ ಒತ್ತಲಾಗುತ್ತದೆ. ಎರಡೂ ಪೆಡಲುಗಳನ್ನು ಕೊಂಡಿಯಿಂದ ಜೋಡಿಸಿ, ಹೇರು ತುಂಬಿದ ಟ್ರೇಲರ್‌ನೊಂದಿಗೆ ರಸ್ತೆಗಿಳಿದಾಗ ಒಂದು ಬದಿಯ ಬ್ರೇಕ್ ಮಾತ್ರ ಹಿಡಿದರೆ, ಟ್ರ್ಯಾಕ್ಟರ್ ಆ ಬದಿಗೆ ಸೆಳೆದುಕೊಂಡು ಮಗುಚುವ ಅಪಾಯವಿದೆ. ಟ್ರೇಲರ್‌ಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಹಿಂದಿನ ಭಾರವೂ ಅದನ್ನು ತಳ್ಳುತ್ತದೆ. ಆದುದರಿಂದ ರೈತ ಬಾಂಧವರು ನಾಟಿ ಮುಗಿದೊಡನೆ, ಮೊದಲ ಬಾಡಿಗೆಗೆ ಹೊರಡುವ ಮುನ್ನವೇ, ಬ್ರೇಕ್ ಪರೀಕ್ಷಿಸಿಕೊಳ್ಳಬೇಕು.

ತುಕ್ಕು ಹಿಡಿಯುವ ಸ್ಥಳಗಳು

ಹಲವು ಟ್ರ್ಯಾಕ್ಟರ್‌ಗಳಲ್ಲಿ ಎರಡೂ ಪೆಡಲುಗಳು ಬಲಗಾಲಿನ ಬಳಿ ಇರುತ್ತವೆ. ಎಡ ಚಕ್ರದ ಬ್ರೇಕಿಗೆ ಚಲನೆಯನ್ನು ಒಯ್ಯುವ ಶಾಫ್ಟ್ ಯಂತ್ರದ ಅಡಿಯಲ್ಲಿ ಅಡ್ಡಲಾಗಿ ಹಾದುಹೋಗುತ್ತದೆ. ಕೆಸರು ಮೆತ್ತಿಕೊಳ್ಳುವುದು ಅಲ್ಲಿಯೇ. ಬುಷ್ ಒಣಗಿ ಬಿಗಿಯಾಗುವುದೂ ಅಲ್ಲಿಯೇ. ಎಡ ಬ್ರೇಕ್ ಮಂದವಾಯಿತೆಂದು ಅದರ ರಾಡಿನ ನಟ್ಟನ್ನು ಬಿಗಿಗೊಳಿಸುವುದು ಸಾಮಾನ್ಯ ರೂಢಿ. ಇದು ತಪ್ಪು. ಕಾಲಿನ ಬಲವು ತುಕ್ಕನ್ನು ಜಯಿಸಲು ವ್ಯಯವಾಗುತ್ತಿರುವಾಗ ನಟ್ ತಿರುಗಿಸಿದರೆ ರೋಗ ಹಾಗೆಯೇ ಉಳಿಯುತ್ತದೆ. ಮುಂದೆ ಶಾಫ್ಟ್ ಸಡಿಲಗೊಂಡ ದಿನ ಎಡ ಚಕ್ರವು ಬಲಕ್ಕಿಂತ ಮೊದಲೇ ಹಿಡಿಯುತ್ತದೆ.

ಒಣ ಡಿಸ್ಕ್ ಬ್ರೇಕಿನೊಳಗೆ ಎರಡು ಲೋಹದ ತಟ್ಟೆಗಳ ನಡುವೆ ಇಳಿಜಾರು ಕುಳಿಗಳಲ್ಲಿ ಉಕ್ಕಿನ ಗುಂಡುಗಳಿರುತ್ತವೆ. ಪೆಡಲ್ ಒತ್ತಿದಾಗ ತಟ್ಟೆಗಳು ತಿರುಗಿ, ಗುಂಡುಗಳು ಇಳಿಜಾರನ್ನೇರಿ, ತಟ್ಟೆಗಳನ್ನು ಅಗಲಿಸಿ ಡಿಸ್ಕುಗಳನ್ನು ಒತ್ತುತ್ತವೆ. ನೀರು ಒಳಸೇರಿ ಈ ಕುಳಿಗಳು ತುಕ್ಕು ತಿಂದರೆ ಗುಂಡು ಸಿಕ್ಕಿಕೊಂಡು, ಕಾಲು ತೆಗೆದ ಮೇಲೂ ಬ್ರೇಕ್ ಬಿಡುವುದಿಲ್ಲ. ಎಣ್ಣೆಯಲ್ಲಿ ಮುಳುಗಿರುವ ಬ್ರೇಕಿನಲ್ಲಿ ಈ ತೊಂದರೆ ವಿರಳ. ಆದರೆ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ಸೀಲ್ ದುರಸ್ತಿಪಡಿಸಿ ಎಣ್ಣೆಯನ್ನು ಬದಲಾಯಿಸಬೇಕು. ಹೊರಗಿನ ರಾಡು, ಪಿನ್ನುಗಳ ಆರೈಕೆ ಎರಡಕ್ಕೂ ಒಂದೇ.

ಸ್ವತಃ ಮಾಡಬಹುದಾದ ದುರಸ್ತಿ

ಸಮತಟ್ಟಾದ ಗಟ್ಟಿ ನೆಲದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಎಂಜಿನ್ ಆರಿಸಿ, ಚಕ್ರಗಳಿಗೆ ಹಿಂದೆ ಮುಂದೆ ಮರದ ತಡೆ ಕೊಡಿರಿ. ಕೆಸರನ್ನು ತೊಳೆದು ಒಣಗಿಸಿದ ನಂತರ ಪಿನ್ನು, ಶಾಫ್ಟಿನ ತುದಿ ಮತ್ತು ರಾಡಿನ ಎಳೆಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿರಿ. ಅವಸರದ ಸುತ್ತಿಗೆ ಏಟಿನಿಂದ ಕವಲು ಬಾಗುತ್ತದೆ. ಹೊಡೆಯಲೇಬೇಕಾದರೆ ಎದುರು ಬದಿಗೆ ಭಾರವಾದ ಕಬ್ಬಿಣವನ್ನು ಆನಿಸಿಕೊಳ್ಳಬೇಕು. ಸೀಲು, ಇಂಧನ ಕೊಳವೆಗಳ ಸಮೀಪ ಗ್ಯಾಸ್ ಜ್ವಾಲೆ ಬಳಸಬಾರದು. ನಟ್ ಬಿಚ್ಚುವ ಮುನ್ನ ಹೊರಗೆ ಕಾಣುವ ಎಳೆಗಳನ್ನು ಎಣಿಸಿ ಬರೆದಿಟ್ಟುಕೊಂಡರೆ ಮರುಜೋಡಣೆ ಸುಲಭ.

ಸವೆದ ಪಿನ್, ಸೊರಗಿದ ಸ್ಪ್ರಿಂಗ್, ತುಕ್ಕು ತಿಂದ ಸ್ಪ್ಲಿಟ್ ಪಿನ್ ಇವುಗಳನ್ನು ಉಜ್ಜಿ ಮತ್ತೆ ಹಾಕುವುದು ಉಳಿತಾಯವಲ್ಲ. ಸ್ಪ್ಲಿಟ್ ಪಿನ್ನಿನ ಬದಲು ಮೊಳೆ ಅಥವಾ ಕಟ್ಟುತಂತಿ ತೂರಿಸಿರುವುದನ್ನು ವಿಸ್ತರಣಾ ಕಾರ್ಯಕರ್ತರು ಕಂಡಲ್ಲಿ, ಕೂಡಲೇ ತೆಗೆಸಿ ಹೊಸ ಪಿನ್ ಹಾಕಿಸಬೇಕು. ಹೊಸ ಪಿನ್ನಿಗೆ ಗ್ರೀಸ್ ಹಚ್ಚಬಹುದು. ಲೈನಿಂಗ್ ಮೇಲೆ ಎಣ್ಣೆಯಾಗಲಿ ಗ್ರೀಸ್ ಆಗಲಿ ಬೀಳಕೂಡದು.

ಹೌಸಿಂಗ್ ಬಿಚ್ಚುವ ಕೆಲಸವನ್ನು ನುರಿತ ಮೆಕ್ಯಾನಿಕ್‌ಗೆ ಒಪ್ಪಿಸುವುದು ಉತ್ತಮ. ಕುಳಿಗಳಲ್ಲಿ ಹಳ್ಳ ಬಿದ್ದಿದ್ದರೆ ಅರದಿಂದ ಉಜ್ಜಿಸದೆ ತಟ್ಟೆಗಳನ್ನೇ ಬದಲಾಯಿಸಿರಿ. ಹಳೆಯ ಲೈನಿಂಗ್ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಗಾಳಿ ಹಾಯಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಪರೀಕ್ಷೆ

ಪೆಡಲಿನ ಸಡಿಲ ಚಲನೆಯನ್ನು ನಿಮ್ಮ ಟ್ರ್ಯಾಕ್ಟರ್‌ನ ಕೈಪಿಡಿಯಲ್ಲಿರುವಂತೆ ಎರಡೂ ಬದಿಗೆ ಸಮನಾಗಿ ಹೊಂದಿಸಿರಿ. ಹಿಂಚಕ್ರಗಳ ಗಾಳಿಯೂ ಸಮನಾಗಿರಲಿ. ಇಲ್ಲವಾದರೆ ಬ್ರೇಕ್ ಸರಿಯಿದ್ದರೂ ಯಂತ್ರ ಒಂದು ಕಡೆಗೆ ಎಳೆಯುತ್ತದೆ. ಟ್ರೇಲರ್ ಇಲ್ಲದೆ, ಖಾಲಿ ಮಣ್ಣಿನ ಬಯಲಿನಲ್ಲಿ, ಜೋಡಿಸಿದ ಪೆಡಲುಗಳನ್ನು ನಿಧಾನ ವೇಗದಲ್ಲಿ ಒತ್ತಿ, ಎರಡು ಚಕ್ರಗಳ ಗುರುತುಗಳನ್ನು ಹೋಲಿಸಿ ನೋಡಿರಿ. ಬಳಿಕ ಬ್ರೇಕ್ ಒತ್ತದೆ ಒಂದೆರಡು ಕಿಲೋಮೀಟರ್ ಓಡಿಸಿ ಹೌಸಿಂಗ್ ಬಳಿ ಅಂಗೈ ಹಿಡಿಯಿರಿ, ಮುಟ್ಟಬೇಡಿರಿ. ಒಂದು ಬದಿ ಮಾತ್ರ ಬಿಸಿಯಾಗಿದ್ದರೆ ಆ ಬದಿಯ ಬ್ರೇಕ್ ಇನ್ನೂ ಬಿಟ್ಟಿಲ್ಲ.

ಪಾರ್ಕಿಂಗ್ ಬ್ರೇಕ್

ಅನೇಕ ಮಾದರಿಗಳಲ್ಲಿ ಪಾರ್ಕಿಂಗ್ ಬ್ರೇಕ್ ಎಂದರೆ ಒತ್ತಿದ ಪೆಡಲನ್ನು ಹಿಡಿದಿಡುವ ಹಲ್ಲುಪಟ್ಟಿ ಹಾಗೂ ಕೊಕ್ಕೆ ಮಾತ್ರ. ಹಲ್ಲು ಸವೆದು ಅಥವಾ ತುಕ್ಕಿನಿಂದ ಕೊಕ್ಕೆ ಅರ್ಧಕ್ಕೇ ಕೂತಿದ್ದರೆ, ಒಕ್ಕಣೆ ಯಂತ್ರ ನಡೆಸುವಾಗಿನ ಕಂಪನಕ್ಕೆ ಅದು ಜಾರಬಹುದು. ಕಾಲುವೆ ಏರಿಯಂತಹ ಇಳಿಜಾರಿನಲ್ಲಿ ಇದನ್ನೊಂದನ್ನೇ ನಂಬದೆ ಚಕ್ರಕ್ಕೆ ಕಲ್ಲು ಕೊಡಬೇಕು.

ಹಂಗಾಮು ಮುಗಿಸಿ ದೀರ್ಘಕಾಲ ನಿಲ್ಲಿಸುವಾಗ ಇದಕ್ಕೆ ವಿರುದ್ಧವಾದ ಕ್ರಮ: ಕೆಲ ದೂರ ಓಡಿಸಿ, ಬ್ರೇಕ್ ಒತ್ತೊತ್ತಿ ಒಣಗಿಸಿ, ಸಮತಟ್ಟಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ತಡೆ ಕೊಟ್ಟು ಪಾರ್ಕಿಂಗ್ ಬ್ರೇಕನ್ನು ಬಿಟ್ಟಿರಬೇಕು. ಒದ್ದೆ ಡಿಸ್ಕನ್ನು ಒತ್ತಿಟ್ಟರೆ ಅದು ಹೌಸಿಂಗ್‌ಗೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದಾಗ ಮತ್ತೊಂದು ಟ್ರ್ಯಾಕ್ಟರ್ ಕಟ್ಟಿ ಎಳೆಯಬಾರದು. ಕಡಿಮೆ ಗೇರಿನಲ್ಲಿ ಮೆಲ್ಲನೆ ಹಿಂದೆ ಮುಂದೆ ಒಂದೆರಡು ಬಾರಿ ಸರಿಸಿ ನೋಡಿ, ಬಿಡದಿದ್ದರೆ ಹೌಸಿಂಗ್ ಬಿಚ್ಚಿಸಿರಿ.