ಮೂಸಿಯ ಪ್ರವಾಹ, ಲೀ ನದಿಯ ಪಾಠ

2009ರ ನವೆಂಬರಿನಲ್ಲಿ, ನಾವು ನೆಲೆಸಿರುವ ಐರ್ಲೆಂಡಿನ ಕಾರ್ಕ್ ನಗರಕ್ಕೆ ಲೀ ನದಿ ನುಗ್ಗಿತು. ಬೀದಿಗಳೆಲ್ಲ ಜಲಾವೃತ, ಆದರೆ ನೀರು ಶುದ್ಧೀಕರಿಸುವ ಕೇಂದ್ರವೇ ಮುಳುಗಿದ್ದರಿಂದ ನಮ್ಮ ಅಡುಗೆಮನೆಯ ನಲ್ಲಿಯಲ್ಲಿ ಹಲವು ದಿನ ಹನಿ ನೀರಿಲ್ಲ. ಬಕೆಟ್ಟು ಹಿಡಿದು ಟ್ಯಾಂಕರಿನ ಮುಂದೆ ನಿಂತಾಗ ನನಗೆ ನೆನಪಾದವರು ನಮ್ಮ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು.

ಕಲಾ ವಿಭಾಗದ ವಿದ್ಯಾರ್ಥಿನಿಯಾಗಿದ್ದಾಗ ಅವರನ್ನು ಮೈಸೂರಿನ ದಿವಾನರೆಂದೂ ಕನ್ನಂಬಾಡಿ ಕಟ್ಟೆಯ ನಿರ್ಮಾತೃವೆಂದೂ ಓದಿದ್ದೆ. ಅವರ ಹೈದರಾಬಾದಿನ ಕಾರ್ಯವನ್ನು ಅರಿತದ್ದು ಈ ಪ್ರವಾಹದ ನಂತರವೇ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಅಲ್ಲಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ನಿಜಾಮ ಸರ್ಕಾರದ ಆಹ್ವಾನದ ಮೇರೆಗೆ 1909ರಲ್ಲಿ ಬಂದ ವಿಶ್ವೇಶ್ವರಯ್ಯನವರು ನಗರದ ದಂಡೆಯನ್ನಷ್ಟೇ ನೋಡಲಿಲ್ಲ. ಮೇಲ್ಪಾತ್ರದಲ್ಲಿ ಸುರಿದ ಮಳೆಯ ಲೆಕ್ಕ ತೆಗೆದರು; ಅಲ್ಲಿನ ಕೆರೆಗಳು ಒಡೆದು ಪ್ರವಾಹವನ್ನು ಹೆಚ್ಚಿಸಿದ್ದನ್ನು ಗುರುತಿಸಿದರು. ನಗರಕ್ಕಿಂತ ಮೇಲೆ ಜಲಾಶಯಗಳೂ ಊರೊಳಗೆ ಒಳಚರಂಡಿಯೂ ಬೇಕೆಂದರು. ಮೂಸಿಗೆ ಅಡ್ಡಲಾಗಿ 1920ರಲ್ಲಿ ಉಸ್ಮಾನ್ ಸಾಗರ, ಉಪನದಿ ಈಸಿಗೆ 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಪ್ರವಾಹ ತಡೆಯಲು ಕಟ್ಟಿದ ಅವೇ ಜಲಾಶಯಗಳು ನಗರಕ್ಕೆ ಕುಡಿಯುವ ನೀರನ್ನೂ ಒದಗಿಸಿದವು.

ಮಳೆ, ಕೆರೆ, ನದಿ, ನಲ್ಲಿ, ಚರಂಡಿ ಎಲ್ಲವನ್ನೂ ಒಂದೇ ವ್ಯವಸ್ಥೆಯಾಗಿ ಕಾಣುವ ಈ ದೃಷ್ಟಿಗೆ ಇಂದು ಸಿಸ್ಟಮ್ಸ್ ಎಂಜಿನಿಯರಿಂಗ್ ಎನ್ನುತ್ತಾರೆ. ಆ ಹೆಸರು ಹುಟ್ಟುವ ಮೊದಲೇ ಅವರದನ್ನು ಆಚರಿಸಿದ್ದರು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯೂ ಶಿವನಸಮುದ್ರದ ವಿದ್ಯುತ್ತಿಗೆ ಮತ್ತು ಮಂಡ್ಯದ ಗದ್ದೆಗಳಿಗೆ ಒಟ್ಟಿಗೆ ಆಧಾರವಾಯಿತು.

ಆದರೆ ಇಂಥ ವ್ಯವಸ್ಥೆಯ ಉದ್ದೇಶಗಳು ಒಂದಕ್ಕೊಂದು ವಿರುದ್ಧವಾಗುವುದೂ ಉಂಟು. ವಿದ್ಯುತ್ತಿಗೆ ಜಲಾಶಯ ತುಂಬಿರಬೇಕು. ಪ್ರವಾಹ ತಡೆಯಲು ಅದರಲ್ಲಿ ಜಾಗವಿರಬೇಕು. ಲೀ ನದಿಯ ಅಣೆಕಟ್ಟುಗಳನ್ನು 1950ರ ದಶಕದಲ್ಲಿ ವಿದ್ಯುತ್ತಿಗಾಗಿಯೇ ಕಟ್ಟಲಾಗಿತ್ತು. 2009ರಲ್ಲಿ ಇಲ್ಲಿನ ವಿಶ್ವವಿದ್ಯಾಲಯದ ಕಟ್ಟಡಗಳಿಗಾದ ಹಾನಿಯ ಮೊಕದ್ದಮೆ ಐರ್ಲೆಂಡಿನ ಸುಪ್ರೀಂ ಕೋರ್ಟನ್ನು ಮುಟ್ಟಿತು. ಅಣೆಕಟ್ಟು ನಡೆಸುವವರಿಗೆ ಕೆಳಪಾತ್ರದವರ ಬಗೆಗೂ ಹೊಣೆಯುಂಟೆಂದು ಅದು 2020ರಲ್ಲಿ ತೀರ್ಪಿತ್ತಿತು.

ಕೆಳಪಾತ್ರದವರ ಪ್ರಶ್ನೆ ಕಾವೇರಿಯ ಮಕ್ಕಳಾದ ನಮಗೂ ಹೊಸದಲ್ಲ. 1924ರ ಒಪ್ಪಂದದಿಂದ 2018ರ ಸುಪ್ರೀಂ ಕೋರ್ಟಿನ ತೀರ್ಪಿನವರೆಗೆ ನಾವು ಅದನ್ನೇ ಎದುರಿಸಿದ್ದೇವೆ. ಎಂಜಿನಿಯರನ ಗಣಿತ ಎಷ್ಟು ನಿಖರವಾಗಿದ್ದರೂ ಮನುಷ್ಯರ ನಡುವಣ ಒಪ್ಪಂದವಿಲ್ಲದೆ ಅದು ಪೂರ್ಣವಾಗದು. ಹೊರನಾಡಿನ ನಮ್ಮ ಮಕ್ಕಳಿಗೆ ಸರ್ ಎಂ. ವಿ. ಅವರ ಹಿರಿಮೆಯನ್ನು ಹೇಳುವಾಗ ಈ ಮಾತನ್ನೂ ಹೇಳೋಣ.