ರಣಾಂಗಣದಿಂದ ಶಾಸನಸಭೆಗೆ: ಡೇನಿಯಲ್ ಇನೌಯೆಯವರ ಜೀವಿತ

ರಣಾಂಗಣದಲ್ಲಿ ಶೌರ್ಯದ ಪರೀಕ್ಷೆಯು ಕ್ಷಣಮಾತ್ರದಲ್ಲಿ ಮುಗಿಯುವುದು. ಶಾಸನಸಭೆಯಲ್ಲಾದರೋ ಅದು ಜೀವಮಾನವಿಡೀ ನಡೆಯುವುದು. ಈ ಎರಡರಲ್ಲಿಯೂ ತೇರ್ಗಡೆ ಹೊಂದಿದ ಮಹನೀಯರು ವಿರಳ. ಅಮೇರಿಕೆಯ ಡೇನಿಯಲ್ ಇನೌಯೆಯವರು ಅಂಥವರಲ್ಲೊಬ್ಬರು.

ಇವರು 1924ನೆಯ ಇಸವಿ ಸಪ್ಟಂಬರ 7ರಂದು ಹವಾಯಿ ದ್ವೀಪಗಳ ಹೊನೊಲುಲು ಪಟ್ಟಣದಲ್ಲಿ, ಜಪಾನದಿಂದ ವಲಸೆ ಬಂದ ಮನೆತನದಲ್ಲಿ ಜನಿಸಿದರು. 1941ನೆಯ ಡಿಸೆಂಬರ 7ರಂದು ಜಪಾನೀ ವಿಮಾನಗಳು ಪರ್ಲ್ ಬಂದರಿನ ಮೇಲೆ ಬಾಂಬುಗಳನ್ನು ಸುರಿಸಲು, ಹದಿನೇಳು ವರುಷದ ಈ ತರುಣರು ಗಾಯಾಳುಗಳ ಶುಶ್ರೂಷೆಗೆ ಧಾವಿಸಿದರು. ಆದರೂ ಅಂದಿನಿಂದ ಜಪಾನೀ ಮೂಲದವರೆಲ್ಲರ ಮೇಲೆ ಸಂಶಯದ ನೆರಳು ಬಿದ್ದಿತು. 1942ರಲ್ಲಿ ಅಧ್ಯಕ್ಷ ರೂಝ್‌ವೆಲ್ಟರ ಆಜ್ಞೆಯ ಮೇರೆಗೆ ಪಶ್ಚಿಮ ಕರಾವಳಿಯ ಸುಮಾರು 1,20,000 ಜನರನ್ನು ಮನೆಮಾರು ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಬಹುಮಂದಿ ಅಮೇರಿಕೆಯಲ್ಲಿಯೇ ಹುಟ್ಟಿದ ಪ್ರಜೆಗಳಾಗಿದ್ದರು.

1943ರಲ್ಲಿ ಸೈನ್ಯದ ಬಾಗಿಲು ಈ ತರುಣರಿಗೆ ತೆರೆದೊಡನೆ, ವೈದ್ಯರಾಗಬೇಕೆಂದು ಓದುತ್ತಿದ್ದ ಇನೌಯೆಯವರು ವ್ಯಾಸಂಗವನ್ನು ತೊರೆದು, ಜಪಾನೀ ಮೂಲದವರಿಂದಲೇ ಕೂಡಿದ 442ನೆಯ ದಳವನ್ನು ಸೇರಿದರು. ಇಟಲಿ, ಫ್ರಾನ್ಸುಗಳಲ್ಲಿ ಕಾದಾಡಿ ಅಧಿಕಾರಿಯ ಪದವಿಗೇರಿದರು. 1945ನೆಯ ಏಪ್ರಿಲ 21ರಂದು ಇಟಲಿಯ ಸ್ಯಾನ್ ಟೆರೆಂಜೊ ಬಳಿಯ ಗುಡ್ಡವನ್ನು ಏರುವಾಗ ಹೊಟ್ಟೆಗೆ ಗುಂಡು ತಗುಲಿದರೂ ಅವರು ಹಿಂಜರಿಯಲಿಲ್ಲ. ಸಿಡಿಗುಂಡನ್ನು ಎಸೆಯಲೆಂದು ಎತ್ತಿದ ಬಲಗೈ ವೈರಿಯ ಹೊಡೆತಕ್ಕೆ ನುಚ್ಚುನೂರಾಯಿತು. ಆ ನಿರ್ಜೀವ ಮುಷ್ಟಿಯಿಂದ ಗುಂಡನ್ನು ಎಡಗೈಯಿಂದ ಬಿಡಿಸಿಕೊಂಡು ಎಸೆದು ಮುನ್ನುಗ್ಗಿದರು. ಕೈಯೊಡನೆ ಶಸ್ತ್ರವೈದ್ಯರಾಗುವ ಆಶೆಯೂ ಹೋಯಿತು.

ಮಿಶಿಗನ್ ಪ್ರಾಂತದ ಸೈನಿಕ ಆಸ್ಪತ್ರೆಯಲ್ಲಿ ಇವರಿಗೆ ಬಾಬ್ ಡೋಲ್ ಎಂಬ ಮತ್ತೊಬ್ಬ ಗಾಯಾಳು ಯೋಧರ ಸ್ನೇಹ ದೊರೆಯಿತು. ಮುಂದೆ ಇಬ್ಬರೂ ವಿರುದ್ಧ ಪಕ್ಷಗಳಿಂದ ಸೆನೆಟ್ ಸಭೆಯನ್ನು ಸೇರಿದರೂ ಆ ಸ್ನೇಹವು ಅಳಿಯಲಿಲ್ಲ. ಯೋಧರಿಗೆ ಸರಕಾರವು ಕೊಡುತ್ತಿದ್ದ ವಿದ್ಯಾಸಹಾಯದಿಂದ ಇನೌಯೆಯವರು ನ್ಯಾಯಶಾಸ್ತ್ರದ ಪದವೀಧರರಾಗಿ, 1954ರಲ್ಲಿ ಹವಾಯಿಯ ಶಾಸನಸಭೆಗೆ ಆಯ್ಕೆಯಾದರು. 1959ರಲ್ಲಿ ಹವಾಯಿಯು ಪೂರ್ಣ ಸಂಸ್ಥಾನವಾಗಲು ಅದರ ಮೊದಲ ಪ್ರತಿನಿಧಿಯಾಗಿ ಕಾಂಗ್ರೆಸ್ಸಿಗೆ ಹೋದರು. 1963ರಿಂದ ಜೀವಿತಾಂತ್ಯದವರೆಗೆ ಸೆನೆಟ್ ಸದಸ್ಯರಾಗಿದ್ದರು. ವಾಟರ್‌ಗೇಟ್ ಪ್ರಕರಣವನ್ನು 1973ರಲ್ಲಿ ವಿಚಾರಿಸಿದ ಸಮಿತಿಯಲ್ಲಿ ಕುಳಿತರು. 1987ರಲ್ಲಿ ಇರಾನ್-ಕಾಂಟ್ರಾ ಪ್ರಕರಣದ ಸೆನೆಟ್ ಸಮಿತಿಗೆ ಅಧ್ಯಕ್ಷರಾದರು.

ಇವೆಲ್ಲಕ್ಕಿಂತಲೂ ಸ್ಮರಣೀಯವಾದುದು ಬೇರೊಂದುಂಟು. ಶಿಬಿರವಾಸಿಗಳಿಗಾದ ಅನ್ಯಾಯವನ್ನು ಮೊದಲು ರಾಷ್ಟ್ರವೇ ವಿಚಾರಿಸಿ ತಿಳಿಯಬೇಕೆಂದು ಅವರು ಸೂಚಿಸಿದರು. ಅದರಂತೆ 1980ರಲ್ಲಿ ವಿಚಾರಣಾ ಆಯೋಗವು ನೇಮಕವಾಯಿತು. 1988ರ ಕಾಯದೆಯ ಮೂಲಕ ರಾಷ್ಟ್ರವು ಕ್ಷಮೆ ಬೇಡಿತು. ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರು ಪರಿಹಾರವನ್ನು ವಿಧಿಸಿತು. ಸ್ವತಃ ಇನೌಯೆಯವರ ಸಾಹಸಕ್ಕೆ ಸಲ್ಲಬೇಕಾದ ಅತ್ಯುಚ್ಚ ಶೌರ್ಯಪದಕವು ಐವತ್ತೈದು ವರುಷ ತಡೆದು, 2000ದಲ್ಲಿ ದೊರೆಯಿತು.

2012ನೆಯ ಡಿಸೆಂಬರ 17ರಂದು ಅವರು ದಿವಂಗತರಾದರು. ತನ್ನವರನ್ನು ಶಂಕಿಸಿದ ನಾಡಿಗಾಗಿ ಕೈಯನ್ನಿತ್ತವರು, ಅದೇ ನಾಡಿಗೆ ತನ್ನ ತಪ್ಪನ್ನು ಒಪ್ಪಿಕೊಳ್ಳುವ ದಾರಿಯನ್ನೂ ತೋರಿದರು. ದೇಶಭಕ್ತಿಗೆ ಇದಕ್ಕಿಂತ ಕಠಿಣವಾದ ಸೇವೆಯಿಲ್ಲ.