ಕಂಠಸಿರೆಯ ನಳಿಕೆ

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಮರ್ಮಗಳ ಪ್ರಕರಣವನ್ನು ಓದಿದವರು ಕೊರಳಿನ ಇಕ್ಕೆಲಗಳಲ್ಲಿ ನಾಲ್ಕು ನಾಲ್ಕರಂತೆ ಹೇಳಿರುವ ಎಂಟು ಮಾತೃಕಾ ಸಿರೆಗಳನ್ನು ಬಲ್ಲರು. ಇವು ಸದ್ಯಃಪ್ರಾಣಹರಗಳು, ಎಂದರೆ ಪೆಟ್ಟು ತಗುಲಿದೊಡನೆ ಪ್ರಾಣವನ್ನು ಕಳೆಯತಕ್ಕವು, ಎಂದು ಆಚಾರ್ಯನ ಮತ. ಸಿರಾವ್ಯಧವನ್ನು ಅಷ್ಟು ವಿಸ್ತಾರವಾಗಿ ಬೋಧಿಸಿದ ಶಾಸ್ತ್ರವೇ ಇವುಗಳ ತಂಟೆಗೆ ಹೋಗಬಾರದೆಂದು ವಿಧಿಸಿತು. ಅಲ್ಲಿ ಸಿರೆಯೆಂಬ ಶಬ್ದವು ಇಂದಿನಂತೆ ಹೃದಯಕ್ಕೆ ಮರಳುವ ನಾಳಕ್ಕೆ ಮಾತ್ರ ಸಲ್ಲತಕ್ಕದ್ದಲ್ಲವಾದರೂ ನಿಷೇಧವು ಸಕಾರಣವಾದುದೇ. ಕೊರಳಿನ ಒಳಸಿರೆಗೆ ಅಂಟಿಕೊಂಡಂತೆ ಶಿರಸ್ಸಿಗೆ ರಕ್ತವನ್ನೊಯ್ಯುವ ಧಮನಿಯು ಮಿಡಿಯುತ್ತಿದೆ. ಕೆಳಗೆ ಶ್ವಾಸಕೋಶದ ತುದಿಯಿದೆ. ಸಿರೆಯ ಬಾಯಿ ತೆರೆದಿರುವಾಗ ರೋಗಿಯು ಎದ್ದು ಕುಳಿತು ಉಸಿರೆಳೆದರೆ ಗಾಳಿಯೇ ಒಳಹೊಕ್ಕು ಹೃದಯವನ್ನು ಸೇರಿ ಪ್ರಾಣಕ್ಕೆ ಸಂಚಕಾರ ತರಬಲ್ಲುದು. ಇಂಥ ಸ್ಥಾನದಲ್ಲಿ ಇಂದಿನ ವೈದ್ಯರು ಸೂಜಿಯನ್ನು ಚುಚ್ಚಿ, ನಳಿಕೆಯನ್ನಿಟ್ಟು, ದಿನಗಟ್ಟಲೆ ಕಾಪಾಡಿ, ರೋಗಿಯನ್ನು ಬದುಕಿಸುತ್ತಿರುವರು. ಮರ್ಮವು ದ್ವಾರವಾದ ಬಗೆಯೇ ಇಲ್ಲಿಯ ವಿಷಯ.

ಈ ದ್ವಾರವು ಮೊದಲು ತೆರೆದುದು ಮನುಷ್ಯನಲ್ಲಲ್ಲ, ಕುದುರೆಗಳಲ್ಲಿ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಎಂಬಾತನು ಕುದುರೆಗಳ ಧಮನಿಗೂ ಕೊರಳ ಸಿರೆಗೂ ಕೊಳವೆಗಳನ್ನು ಜೋಡಿಸಿ ರಕ್ತವು ಎಷ್ಟು ಎತ್ತರಕ್ಕೆ ಏರುವುದೆಂದು ಅಳೆದು, 1733ರಲ್ಲಿ ಆ ವೃತ್ತಾಂತವನ್ನು ಪ್ರಕಟಿಸಿದನು. ಧಮನಿಯ ರಕ್ತವು ಆಳೆತ್ತರವನ್ನು ಮೀರಿತು. ಸಿರೆಯದು ಬಹಳ ತಗ್ಗಿನಲ್ಲಿಯೇ ನಿಂತಿತು. ಫ್ರಾನ್ಸಿನಲ್ಲಿ ಕ್ಲಾಡ್ ಬರ್ನಾರ್ಡನು 1844ರಲ್ಲಿ ಕೊರಳಿನ ನಾಳಗಳ ಮೂಲಕವೇ ಕುದುರೆಯ ಹೃದಯಕ್ಕೆ ಉಷ್ಣಮಾಪಕವನ್ನು ಇಳಿಸಿ ಎಡಬಲ ಕೋಣೆಗಳ ತಾಪವನ್ನು ಹೋಲಿಸಿದನು. ಮನುಷ್ಯನ ಹೃದಯಕ್ಕೆ ನಳಿಕೆಯು ಮುಟ್ಟಿದುದು 1929ರಲ್ಲಿ. ಜರ್ಮನಿಯ ಎಬರ್ಸ್‌ವಾಲ್ಡೆಯ ತರುಣ ವೈದ್ಯ ವರ್ನರ್ ಫೋರ್ಸ್‌ಮನ್ನನು ಮೇಲಿನವರ ಅನುಮತಿಯನ್ನು ಮೀರಿ ತನ್ನ ಮೊಣಕೈಯ ಸಿರೆಯಿಂದಲೇ 65 ಸೆಂಟಿಮೀಟರು ನಳಿಕೆಯನ್ನು ಒಳಸೇರಿಸಿ, ಹಾಗೆಯೇ ನಡೆದುಹೋಗಿ ಕ್ಷಕಿರಣದ ಚಿತ್ರ ತೆಗೆಸಿದನು. ಅಂದು ಆತನಿಗೆ ದೊರೆತುದು ಮನ್ನಣೆಗಿಂತ ಹೆಚ್ಚಾಗಿ ತಿರಸ್ಕಾರ. ನೊಬೆಲ್ ಪಾರಿತೋಷಕವು ಬಂದುದು 1956ರಲ್ಲಿ.

ಆದರೆ ಇವೆಲ್ಲ ಕ್ಷಣಮಾತ್ರದ ಪ್ರವೇಶಗಳು. ನಳಿಕೆಯು ಒಳಗೆ ಉಳಿಯಬೇಕೆಂಬ ಅಗತ್ಯವು ಹುಟ್ಟಿದುದು ಹಸಿವಿನಿಂದ. ಕರುಳು ಕೆಟ್ಟ ರೋಗಿಗೆ ಕೈಯ ಸಿರೆಯಿಂದ ಅನ್ನವನ್ನು ಕೊಡಲಾಗದು. ದೇಹಧಾರಣೆಗೆ ಸಾಲುವಷ್ಟು ಗಟ್ಟಿಯಾದ ಸಕ್ಕರೆಯ ದ್ರಾವಣವು ಸಣ್ಣ ಸಿರೆಯನ್ನು ಸುಟ್ಟು ರಕ್ತವನ್ನು ಹೆಪ್ಪುಗಟ್ಟಿಸುವುದು. ಹೃದಯದ ಸಮೀಪದ ಮಹಾಸಿರೆಯಲ್ಲಾದರೋ ಪ್ರವಾಹವು ಬಲವಾಗಿರುವುದರಿಂದ ಅದು ಕೂಡಲೇ ತೆಳುವಾಗುವುದು. ಅಲ್ಲಿಗೆ ಕೊರಳಿನಿಂದ ದಾರಿ ಹತ್ತಿರ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟಾನ್ಲಿ ಡಡ್ರಿಕ್ ಮತ್ತು ಆತನ ಸಹೋದ್ಯೋಗಿಗಳು ಬೀಗಲ್ ಜಾತಿಯ ನಾಯಿಮರಿಗಳನ್ನು ಕೊರಳ ಸಿರೆಯ ಆಹಾರದಿಂದಲೇ ತಿಂಗಳುಗಟ್ಟಲೆ ಬೆಳೆಸಿ, ಅವು ಬಾಯಿಂದ ತಿನ್ನುವ ಮರಿಗಳಿಗೆ ಸಮನಾಗಿ ಬೆಳೆದುದನ್ನು ಕಂಡರು. 1967ರಲ್ಲಿ ಅದೇ ಊರಿನಲ್ಲಿ, ಸಣ್ಣ ಕರುಳು ಬಹುಪಾಲು ಇಲ್ಲದೆಯೇ ಹುಟ್ಟಿದ ಹೆಣ್ಣುಶಿಶುವೊಂದು ಸೊರಗಿ ಸೊರಗಿ ಸುಮಾರು 4 ಪೌಂಡಿಗೆ ಇಳಿಯಿತು. ಹೆತ್ತವರ ಕಣ್ಣೆದುರಿಗೆ ಹಾಲೂ ನಿರುಪಯೋಗವಾದ ಸ್ಥಿತಿ. ವೈದ್ಯರು ಕೊರಳಿನ ಹೊರಸಿರೆಯಿಂದ ನಳಿಕೆಯನ್ನು ಮಹಾಸಿರೆಗೆ ಇಳಿಸಿದರು. ಅದರ ಹೊರತುದಿಯನ್ನು ಅಲ್ಲಿಯೇ ಬಿಡದೆ, ಚರ್ಮದ ಅಡಿಯಲ್ಲಿ ಕಿವಿಯ ಹಿಂದಿನಿಂದ ಸಾಗಿಸಿ ನೆತ್ತಿಯ ಪಕ್ಕದಲ್ಲಿ ಹೊರತಂದರು. ಸಿರೆಯನ್ನು ಹೊಕ್ಕ ಜಾಗವೂ ಚರ್ಮವನ್ನು ತೊರೆದ ಜಾಗವೂ ದೂರವಾದಷ್ಟೂ ರೋಗಾಣುಗಳಿಗೆ ಹಾದಿ ದುರ್ಗಮವೆಂಬುದೇ ಇದರ ಮರ್ಮ. ಮಗುವು ಮೈತುಂಬಿತು, ಉದ್ದವೂ ಬೆಳೆಯಿತು. 1968ರಲ್ಲಿ ವರದಿಯನ್ನು ಓದಿದ ವೈದ್ಯಲೋಕವು ಬೆರಗಾಯಿತು. ಆ ಶಿಶು ಕೊನೆಗೂ ಉಳಿಯಲಿಲ್ಲ. ಸುಮಾರು 22 ತಿಂಗಳು ಬದುಕಿತು. ಆದರೆ ಅದರ ಬೆನ್ನಿನಲ್ಲಿಯೇ ಉಳಿದವರು ಅನೇಕರು.

ಇಡುವ ಕ್ರಮವೂ ಆ ವೇಳೆಗೆ ಸುಲಭವಾಗುತ್ತ ಬಂದಿತ್ತು. ಸ್ವೀಡನ್ನಿನ ಸೆಲ್ಡಿಂಗರನು 1953ರಲ್ಲಿ ಧಮನಿಗಳಿಗೆಂದು ಹೇಳಿದ ಉಪಾಯವು ಸಿರೆಗಳಿಗೂ ಒದಗಿತು: ಮೊದಲು ಸೂಜಿ, ಸೂಜಿಯೊಳಗಿಂದ ತಂತಿ, ಸೂಜಿಯನ್ನು ತೆಗೆದು ತಂತಿಯ ಮೇಲೆ ನಳಿಕೆ, ಕಡೆಗೆ ತಂತಿಯನ್ನು ಸೆಳೆಯುವುದು. ಕೊಯ್ಯದೆ ಚುಚ್ಚಿಯೇ ಒಳಸಿರೆಯನ್ನು ಸೇರುವ ಕ್ರಮವು 1960ರ ದಶಕದ ಕೊನೆಗೆ ನೆಲೆಗೊಂಡಿತು. ರೋಗಿಯ ತಲೆಯನ್ನು ತಗ್ಗಿಸಿ ಮಲಗಿಸಿದರೆ ಸಿರೆಯು ಉಬ್ಬುವುದು, ಗಾಳಿಯ ಭಯವೂ ತಗ್ಗುವುದು. ಬಲಪಾರ್ಶ್ವವೇ ಉತ್ತಮ, ಅಲ್ಲಿಂದ ಹೃದಯಕ್ಕೆ ದಾರಿ ಬಹುಮಟ್ಟಿಗೆ ನೇರ. ಮೊದಮೊದಲು ಕೊರಳ ಸ್ನಾಯುವಿನ ಗುರುತುಗಳನ್ನು ಬೆರಳಿನಿಂದ ಹುಡುಕಿ ಚುಚ್ಚುತ್ತಿದ್ದರು. ಬಳಿಕ ಅಲ್ಟ್ರಾಸೌಂಡ್ ಯಂತ್ರವು ಸಿರೆಯನ್ನೂ ಧಮನಿಯನ್ನೂ ಬೇರೆ ಬೇರೆಯಾಗಿ ತೋರಿಸಲಾರಂಭಿಸಿತು. ಬ್ರಿಟನ್ನಿನಲ್ಲಿ 2002ರಲ್ಲಿ ಇದನ್ನು ಬಳಸಬೇಕೆಂಬ ಅಧಿಕೃತ ಶಿಫಾರಸು ಹೊರಟಿತು.

ಇಷ್ಟಾದರೂ ಕೈಚಳಕವು ಅರ್ಧವಿದ್ಯೆ. ನಳಿಕೆಯನ್ನು ಇಟ್ಟವನಿಗೆ ಬರುವ ಕೀರ್ತಿಯು ಕಾಯ್ದವರಿಗೆ ಬರುವುದಿಲ್ಲ. ರೋಗಿಯ ಪ್ರಾಣವಾದರೋ ಕಾಯ್ದವರ ಕೈಯಲ್ಲಿಯೇ ಹೆಚ್ಚು. ಕೊರಳು ಬಾಯಿಗೆ ಸಮೀಪ, ಸದಾ ಅಲುಗುವಂಥದು, ಗಂಡಸರಲ್ಲಿ ಗಡ್ಡವೂ ಬೆಳೆಯುವಂಥದು. ಪಟ್ಟಿಯು ಸಡಿಲುವುದು ಬೇಗ. ರೋಗಾಣುವು ನಳಿಕೆಯನ್ನೇ ಹತ್ತಿ ನೇರವಾಗಿ ರಕ್ತಕ್ಕೆ ಇಳಿಯುವುದು. ಇದನ್ನು ಬಹುಕಾಲ ವೈದ್ಯರು ಅನಿವಾರ್ಯವೆಂದೇ ಎಣಿಸಿದ್ದರು. ಅಮೆರಿಕದ ಮಿಚಿಗನ್ ಸಂಸ್ಥಾನದಲ್ಲಿ ಪೀಟರ್ ಪ್ರೊನೊವೊಸ್ಟ್ ಮುಂತಾದವರು 2004ರಿಂದ ನಡೆಸಿದ ಪ್ರಯತ್ನವು ಆ ಎಣಿಕೆಯನ್ನು ತಪ್ಪೆಂದು ತೋರಿಸಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಕೈ ತೊಳೆಯುವುದು, ಇಡುವಾಗ ಮೈತುಂಬ ಶುದ್ಧವಸ್ತ್ರವನ್ನು ಹೊದೆಯುವುದು, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಹಚ್ಚುವುದು, ಸಾಧ್ಯವಾದಷ್ಟು ತೊಡೆಯ ಸಂದಿಯನ್ನು ಬಿಡುವುದು, ಬೇಡವಾದ ನಳಿಕೆಯನ್ನು ತೆಗೆಯುವುದು, ಇಷ್ಟೇ. ತುರ್ತಿಲ್ಲದ ಸಮಯದಲ್ಲಿ ನಿಯಮವು ತಪ್ಪಿದರೆ ವೈದ್ಯನನ್ನೇ ತಡೆಯುವ ಅಧಿಕಾರವೂ ಏರ್ಪಟ್ಟಿತು. ಔಷಧಕ್ಕಿಂತ ಇದೇ ಕಹಿಯಾಗಿದ್ದಿರಬೇಕು! 103 ಘಟಕಗಳ ಲೆಕ್ಕವು 2006ರಲ್ಲಿ ಪ್ರಕಟವಾಯಿತು: ಸಾವಿರ ನಳಿಕಾದಿನಗಳಿಗೆ 2.7 ಇದ್ದ ಸೋಂಕಿನ ಮಧ್ಯಮಾಂಕವು ಮೂರು ತಿಂಗಳಲ್ಲಿ ಸೊನ್ನೆಗಿಳಿಯಿತು.

ಇಂದಿನ ಶುಶ್ರೂಷೆಯ ವಿಧಿಯು ಇದರಿಂದಲೇ ಬೆಳೆದುದು. ಅರಿವೆಯ ಪಟ್ಟಿಯನ್ನು ಎರಡು ದಿನಕ್ಕೊಮ್ಮೆ, ಪಾರದರ್ಶಕ ಪಟ್ಟಿಯನ್ನು ಏಳು ದಿನಕ್ಕೊಮ್ಮೆ, ಒದ್ದೆಯಾದರೆ ಅಥವಾ ಎದ್ದರೆ ಆಗಲೇ, ಬದಲಿಸುವರು. ಔಷಧವನ್ನು ಹಾಕುವ ಮುನ್ನ ಪ್ರತಿಸಲವೂ ನಳಿಕೆಯ ಬಾಯನ್ನು ಉಜ್ಜಿ ಶುದ್ಧಿಮಾಡುವರು. ಇದು ಇನ್ನೂ ಬೇಕೆ ಎಂದು ದಿನವೂ ಬೆಳಗ್ಗೆ ಕೇಳುವರು. ಬೇಡವಾದಂದು ರೋಗಿಯನ್ನು ಮತ್ತೆ ತಲೆ ತಗ್ಗಿಸಿ ಮಲಗಿಸಿ, ಉಸಿರು ಬಿಗಿಹಿಡಿಸಿ, ನಳಿಕೆಯನ್ನು ಸೆಳೆದು, ಗಾಯವನ್ನು ಕೆಲವು ನಿಮಿಷ ಒತ್ತಿ ಹಿಡಿದು, ಗಾಳಿಯಾಡದ ಪಟ್ಟಿಯಿಂದ ಮುಚ್ಚುವರು.